ಎಡಬಾಗಿಲಿನ ಬಣ್ಣ

ಹಗ್ಗದಕ್ಕನನ್ನು ಮೇಷ್ಟರು ಮೊದಲು ಕಂಡದ್ದು ಅವರು ಮನೆ ಬದಲಿಸಿದ ದಿನ. ಸಾಮಾನೆಂದರೆ ಎಷ್ಟು? ಮೇಷ್ಟರ ಮನೆಯಲ್ಲಿ ಪಾತ್ರೆ ಬಿಟ್ಟರೆ ಪುಸ್ತಕ, ಪುಸ್ತಕ ಬಿಟ್ಟರೆ ಪಾತ್ರೆ. ಬೆಳಿಗ್ಗೆ ಬೀದಿಯ ತಿರುವಿನಿಂದ ಒಂದು ಮುದಿ ಲಾರಿ ಹಿಂದುಹಿಂದಾಗಿ ಬರತೊಡಗಿತು. ಅದರ ಎಡಬಾಗಿಲಿನ ಕಿಟಕಿಯಿಂದ ಒಂದು ಕೈ ಹೊರಗೆ ಇಳಿಬಿದ್ದಿತ್ತು. ಆ ಕೈ ತಗಡಿನ ಮೇಲೆ ಒಮ್ಮೆ ಪಟ್ಟೆಂದು ಬಡಿದರೆ ಲಾರಿ ಬರುತ್ತಿತ್ತು, ಪಟಪಟನೆ ಬಡಿದರೆ ನಿಲ್ಲುತ್ತಿತ್ತು. ಗೇಟಿನ ಕಂಬಕ್ಕೂ ಲಾರಿಗೂ ನಡುವೆ ಗೇಣು ಜಾಗ ಉಳಿದಾಗ ಅದು ಪೂರ್ತಿ ನಿಂತಿತು. ಬಾಗಿಲು ತೆರೆದು ಇಳಿದವರು ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಹೆಗಲ ಮೇಲೆ ಹಗ್ಗದ ಸುರುಳಿ.

ಪುಸ್ತಕದ ಪೆಟ್ಟಿಗೆಯೊಂದನ್ನು ಎತ್ತಿ ನೋಡಿ ಆಕೆ, “ಇದನ್ನ ಕಟ್ಟಿದ್ದು ಯಾರು?” ಎಂದು ಕೇಳಿದರು. ಮೇಷ್ಟರೇ ಎಂದು ಉತ್ತರ ಬಂತು.

“ಪಾಠ ಚೆನ್ನಾಗಿ ಮಾಡ್ತೀರಂತೆ, ಕೇಳಿದ್ದೀನಿ. ಅದನ್ನೇ ಮಾಡಿ. ಗಂಟು ಹಾಕೋದು ನಮಗೆ ಬಿಡಿ” ಎಂದು ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಟಿದರು.

ಹಗ್ಗದಕ್ಕ ಎಂಬುದು ಜನ ಇಟ್ಟ ಹೆಸರು. ಮನೆ ಸಾಮಾನು ಸಾಗಿಸುವುದು ಅವರ ಗಂಡನ ಮನೆಯ ಕಸುಬು. ಕನ್ನಡಿಯ ಬೀರುವಿರಲಿ, ಹೊಲಿಗೆಯ ಯಂತ್ರವಿರಲಿ, ಅಕ್ಕ ಹಾಕಿದ ಗಂಟು ದಾರಿಯಲ್ಲಿ ಸಡಿಲವಾಗದು. ಇಳಿಸುವಾಗ ಒಂದು ತುದಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವುದು. ಲಾರಿಯನ್ನು ಕೊಂಡವರು ಅವರ ಮಾವ. ಮಾವನ ನಂತರ ಹಿರಿಯ ಮಗ ವ್ಯವಹಾರ ನೋಡಿಕೊಂಡರು. ಎರಡನೆಯವರು, ಅಂದರೆ ಅಕ್ಕನ ಯಜಮಾನರು, ಸ್ಟೇರಿಂಗ್ ಹಿಡಿದರು. ಕಿರಿಯ ಮೈದುನ ಲಾರಿಗಳ ರಿಪೇರಿಗೆ ನಿಂತ. ಕಾಲಕ್ರಮೇಣ ಹೊಸ ಲಾರಿಗಳೂ ಬಂದವು. ಆದರೂ ಗಾಜು, ಪಿಂಗಾಣಿ, ಹಳೆಯ ಕಾಲದ ಮರದ ಸಾಮಾನು ಎಂದರೆ ಅಕ್ಕ ಈ ಮುದಿ ಲಾರಿಯನ್ನೇ ಹೊರಡಿಸುತ್ತಿದ್ದರು.

ಕಾರ್ಖಾನೆಯಿಂದ ಬಂದಾಗ ಲಾರಿಯದು ಕಡುನೀಲಿ ಬಣ್ಣ. ಬಿಸಿಲು ಮಳೆ ಕುಡಿದು ಕುಡಿದು ಅದು ನೂರು ಒಗೆತ ಕಂಡ ಅಂಗಿಯ ನೀಲಿಯಾಗಿತ್ತು. ಹಗ್ಗ ಉಜ್ಜಿದ ಕಡೆ ನೀಲಿ ಹೋಗಿ ಅಡಿಬಣ್ಣದ ಕೆಂಪು ಕಾಣುತ್ತಿತ್ತು. ಕೆಂಪೂ ಸವೆದ ಕಡೆ ಬರಿಯ ತಗಡು. ಎಡಬಾಗಿಲಿನಲ್ಲಂತೂ ಕಿಟಕಿಯ ಕೆಳಗೆ ಅಂಗೈಯಷ್ಟು ಗುರುತು ಬಿದ್ದಿತ್ತು. ನಡುವೆ ಬೆಳ್ಳಿಯಂತೆ ನುಣುಪಾದ ತಗಡು, ಅದರ ಸುತ್ತ ಕೆಂಪಿನ ಅಂಚು, ಅದರಾಚೆಗೆ ಮಾಸಿದ ನೀಲಿ. ಮದುವೆಯಾಗಿ ಬಂದ ವರ್ಷದಿಂದ ಅಕ್ಕ ಬಡಿದು ಬಡಿದು ಆದ ಗುರುತು ಅದು.

“ನನ್ನ ಬೆನ್ನಿಗೆ ಬೀಳಬೇಕಾದ್ದನ್ನೆಲ್ಲ ಪಾಪ ಆ ಬಾಗಿಲೇ ತಿಂದಿದೆ” ಎನ್ನುವುದು ಯಜಮಾನರ ತಮಾಷೆ.

ಹಳೆಯ ಬಣ್ಣವನ್ನು ಉಳಿಸುವುದೆಂದರೆ ಅದನ್ನು ಅದರ ಪಾಡಿಗೆ ಬಿಡುವುದಲ್ಲ. ಬಿಟ್ಟರೆ ತುಕ್ಕು ತಿನ್ನುತ್ತದೆ, ಉಜ್ಜಿದರೆ ಬಣ್ಣವೇ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕ ಬರೀ ನೀರಿನಲ್ಲಿ ಧೂಳು ತೊಳೆದು, ಹತ್ತಿಯ ಬಟ್ಟೆಯಲ್ಲಿ ಒರೆಸಿ, ತಗಡು ಕಂಡಲ್ಲಿ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರುತ್ತಿದ್ದರು. ಅದು ಒಣಗಿದ ಮೇಲೆ, ಗಿರಾಕಿಗಳ ಮೇಜು ಕುರ್ಚಿಗೆಂದು ಇಟ್ಟುಕೊಂಡ ಮೇಣದ ಪಾಲಿಶ್ಶನ್ನು ಲಾರಿಯ ಮೈಗೂ ತಿಕ್ಕುತ್ತಿದ್ದರು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮಾವ ಮಾಡುತ್ತಿದ್ದುದನ್ನು ನೋಡಿ ಕಲಿತದ್ದು, ಕೆಡಿಸಿಕೊಂಡು ಕಲಿತದ್ದು.

ಹಿರಿಯ ಭಾವನವರಿಗೆ ಇದೊಂದು ಹುಚ್ಚಾಟವಾಗಿ ಕಾಣುತ್ತಿತ್ತು. ಹೊಸ ಗೋದಾಮು ಕಟ್ಟಿಸುತ್ತಿದ್ದರು. ಅದರ ಮುಂದೆ ಅಪ್ಪನ ಲಾರಿ ಫಳಫಳ ಹೊಳೆಯುತ್ತ ನಿಲ್ಲಬೇಕೆಂಬುದು ಅವರ ಆಸೆ. “ನೋಡಮ್ಮ, ಊರ ಸಾಮಾನೆಲ್ಲ ಗೀರಿಲ್ಲದ ಹಾಗೆ ಸಾಗಿಸ್ತೀವಿ ಅಂತ ಹೇಳ್ಕೊಳ್ಳೋದು, ನಮ್ಮ ಲಾರಿ ಮಾತ್ರ ಮೈತುಂಬ ಗೀರು. ನೋಡಿದೋರು ಏನಂತಾರೆ?” ಎನ್ನುವರು.

“ಗೀರೆಲ್ಲ ಲಾರಿ ತಿಂದಿದೆ, ನಮ್ಮ ಸಾಮಾನು ಉಳಿದಿದೆ ಅಂತಾರೆ, ಭಾವ” ಎನ್ನುವರು ಅಕ್ಕ. ಭಾವ ನಕ್ಕು ಸುಮ್ಮನಾಗುವರು. ಆದರೆ ಮಾತು ಸತ್ತಿರುತ್ತಿರಲಿಲ್ಲ, ಮಲಗಿರುತ್ತಿತ್ತು.

ಹೀಗಿರುವಾಗ ಅಕ್ಕ, ಯಜಮಾನರು ಇಬ್ಬರೂ ಹೊಸ ಲಾರಿಯಲ್ಲಿ ದೂರದ ಊರಿಗೆ ಒಂದು ಮನೆ ಸಾಗಿಸಲು ಹೋದರು. ಹಿಂದಿರುಗಿದಾಗ ಮೈದುನ ಶೆಡ್ಡಿನ ಬಾಗಿಲಲ್ಲೇ ಕಾದಿದ್ದ. ಮುಖ ಊರಗಲ.

“ಅತ್ತಿಗೆ, ಕಣ್ಣು ಮುಚ್ಕೊಳ್ಳಿ. ಮುಚ್ಕೊಳ್ಳಿ ಅಂದ್ರೆ!”

ಕಣ್ಣು ತೆರೆದಾಗ ಎಡಬಾಗಿಲು ಕಡುನೀಲಿಯಾಗಿ ಹೊಳೆಯುತ್ತಿತ್ತು. ಅಕ್ಕ ಹತ್ತಿರ ಹೋಗಿ ಕಿಟಕಿಯ ಕೆಳಗೆ ಅಂಗೈ ಇಟ್ಟರು. ಕೈ ಜಾರಿತು.

“ಅಳಿಸಿಬಿಟ್ಯಲ್ಲೋ” ಎಂದರು.

“ಅಯ್ಯೋ, ಅಳಿಸೋದೇನು ಬಂತು? ಸೀಟಿನ ಕೆಳಗೆ ಬಿಸಿಲು ಕಾಣದ ಜಾಗ ಇದೆಯಲ್ಲ, ಅಲ್ಲಿನ ಬಣ್ಣಕ್ಕೆ ಸರಿಯಾಗಿ ಅಂಗಡಿಯಲ್ಲಿ ಕಲಸಿಸಿದ್ದು. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. ನೀವೇ ಅಲ್ವಾ ಅತ್ತಿಗೆ, ಅಸಲಿ ಬಣ್ಣ ಉಳೀಬೇಕು ಅಂತಿದ್ದದ್ದು? ಇದೇ ಅಸಲಿ. ಉಳಿದದ್ದೆಲ್ಲ ಮಾಸಿದ್ದು.”

ಅವನ ದನಿಯಲ್ಲಿ ಕಪಟವಿರಲಿಲ್ಲ. ಅತ್ತಿಗೆಗೆ ಇಷ್ಟವಾಗಲಿ ಎಂದು ಎರಡು ದಿನ ಊಟ ತಿಂಡಿ ಬಿಟ್ಟು ಮಾಡಿದ ಕೆಲಸ. ಬೈಯಲು ಬಾಯಿ ಬರಲಿಲ್ಲ. ಅವನ ಮಾತಿನಲ್ಲಿ ತಪ್ಪು ಎಲ್ಲಿದೆ ಎಂಬುದೂ ತಕ್ಷಣ ಹೊಳೆಯಲಿಲ್ಲ. ಅಕ್ಕ ಹೆಗಲ ಹಗ್ಗವನ್ನು ಗೂಟಕ್ಕೆ ಹಾಕಿ ಮನೆಗೆ ನಡೆದರು.

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಮೈದುನ ಲಾರಿಯ ಕನ್ನಡಿಯಲ್ಲಿ ನೋಡಿಕೊಂಡು ಅಳಿದುಳಿದ ಕೂದಲನ್ನು ಬಾಚುತ್ತಿದ್ದ.

“ನಿನ್ನ ಮದುವೆ ಫೋಟೋದಲ್ಲಿ ತಲೆ ತುಂಬ ಕೂದಲಿದೆಯಲ್ಲವೇನೋ?”

“ಇತ್ತು, ಅತ್ತಿಗೆ. ಯಾಕೆ?”

“ಅದೇ ಅಸಲಿ ಅಂತ ನಾಳೆ ಟೋಪನ್ ಹಾಕ್ಕೊಂಡು ಹೋಗು. ನಿನ್ನ ಹೆಂಡ್ತಿ ಬಾಗಿಲು ತೆಗೀತಾಳಾ ನೋಡೋಣ. ಅವತ್ತಿದ್ದದ್ದೂ ಲಾರೀದೇ ಬಣ್ಣ, ಇವತ್ತಿದ್ದದ್ದೂ ಲಾರೀದೇ ಬಣ್ಣ. ನಡುವಿನ ವರ್ಷಗಳನ್ನ ನೀನು ಯಾವ ಅಂಗಡಿಯಲ್ಲಿ ಕಲಸಿಸ್ತೀಯ?”

ಮೈದುನ ತಲೆ ಸವರಿಕೊಂಡ. ಮುಖ ಸಣ್ಣದಾಯಿತು.

ಅಷ್ಟರಲ್ಲಿ ಭಾವ ಬಂದರು. ಲಾರಿಯ ಸುತ್ತ ಒಂದು ಸುತ್ತು ಹಾಕಿ, “ಬಾಗಿಲು ಮದುಮಗ, ಉಳಿದದ್ದು ಮುದುಕ. ಇನ್ನು ಹೀಗೇ ಬಿಡೋ ಹಾಗಿಲ್ಲ. ಪೂರ್ತಿ ಬಳಿಸಿಬಿಡೋಣ. ಬಣ್ಣದವನಿಗೆ ಹೇಳಿ ಕಳಿಸ್ತೀನಿ” ಎಂದರು. ಮಲಗಿದ್ದ ಮಾತು ಎದ್ದು ಕೂತಿತ್ತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಭಾವ, ಗೋದಾಮು ತೆರೆಯೋ ದಿನದವರೆಗೆ ನನಗೆ ಬಿಡಿ. ಅಷ್ಟರೊಳಗೆ ಆ ಬಾಗಿಲನ್ನ ಮೊದಲಿನ ಹಾಗೆ ತರ್ತೀನಿ. ತರಲಿಲ್ಲ ಅಂದ್ರೆ ಇಡೀ ಲಾರಿಗೆ ನೀವು ಹೇಳಿದ ಬಣ್ಣ ಬಳಿಸಿ. ನಾನೇ ಡಬ್ಬ ಹಿಡ್ಕೊಂಡು ನಿಲ್ತೀನಿ.”

“ಮಾತು?”

“ಮಾತು.”

ಭಾವ ಯಜಮಾನರ ಕಡೆ ತಿರುಗಿ, “ನೀನೇನಂತೀಯೋ?” ಎಂದರು.

“ನನ್ನನ್ನ ಯಾಕೆ ಎಳೀತೀರಿ? ನಾನು ಬಾಗಿಲು ಬಡಿದ್ರೆ ನಿಲ್ಲಿಸೋ ಮನುಷ್ಯ” ಎಂದು ಯಜಮಾನರು ಜಾರಿಕೊಂಡರು.

ಮಾತು ಕೊಟ್ಟದ್ದೇನೋ ಆಯಿತು. ದಾರಿ ಕಾಣಲಿಲ್ಲ. ಬಣ್ಣದವನನ್ನು ಕೇಳಿದರೆ, ಥಿನ್ನರ್ ಹಾಕಿದರೆ ಹೊಸದರ ಜೊತೆ ಹಳೆಯದೂ ಕರಗುತ್ತದೆ ಎಂದ. ಉಪ್ಪುಕಾಗದದಲ್ಲಿ ತಿಕ್ಕಿದರೆ ಎಲ್ಲಿ ಹೊಸದು ಮುಗಿಯಿತು, ಎಲ್ಲಿ ಹಳೆಯದು ತೊಡಗಿತು ಎಂದು ಹೇಳುವವರು ಯಾರು? ಅಕ್ಕ ಮೈದುನನನ್ನು ಎದುರಿಗೆ ಕೂರಿಸಿಕೊಂಡು, “ಏನೇನು ಮಾಡಿದೆ, ಮೊದಲಿಂದ ಹೇಳು. ಒಂದೂ ಬಿಡಬೇಡ” ಎಂದರು.

“ಮೊದಲು ಉಪ್ಪುಕಾಗದದಲ್ಲಿ ಉಜ್ಜೋಕೆ ಹೋದೆ. ಕೆಳಗಿನ ಮೂಲೇಲಿ ಒಂದಿಷ್ಟು ಉಜ್ಜಿದೆ. ಆಮೇಲೆ ನಿಮ್ಮ ಮುಖ ನೆನಪಾಯ್ತು. ಹೆದರಿ ನಿಲ್ಲಿಸಿಬಿಟ್ಟೆ. ಹಾಗೇ ಮೇಲೆ ಬಣ್ಣ ಹೊಡೆದೆ. ಅದೇನೋ ಬಣ್ಣ ಕೂರಲೇ ಇಲ್ಲ, ಅತ್ತಿಗೆ. ಅಲ್ಲಲ್ಲಿ ಕಣ್ಣು ಕಣ್ಣು ಬಿಟ್ಕೊಳ್ತು. ಇನ್ನೊಂದು ಸಲ ದಪ್ಪಕ್ಕೆ ಹೊಡೆದು ಮುಚ್ಚಿದೆ.”

“ಮೇಣ ತೆಗೆದಿದ್ಯಾ?”

“ಯಾವ ಮೇಣ?”

ಊರಿಂದ ಬಂದ ಮೇಲೆ ಅಕ್ಕ ಮೊದಲ ಸಲ ನಕ್ಕರು. ವರ್ಷಗಟ್ಟಲೆ ತಿಕ್ಕಿದ ಮೇಣದ ಮೇಲೆ ಹೊಸ ಬಣ್ಣ ಸುಮ್ಮನೆ ಕೂತಿತ್ತು, ಕಚ್ಚಿಕೊಂಡಿರಲಿಲ್ಲ. ಎದ್ದು ಹೋಗಿ ಕಿಟಕಿಯ ಅಂಚಿನಲ್ಲಿ ಉಗುರು ಹಾಕಿ ಕೆರೆದರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಒಂದು ಚಕ್ಕೆ ಎದ್ದು ಬಂತು.

“ನೋಡು, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಹುಡುಕ್ತಾ ಕೂತಿದ್ದೆ” ಎಂದರು.

ಆದರೆ ಇಡೀ ಬಾಗಿಲಿಗೆ ಉಗುರು ಸಾಲದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಗಿಲಿಗೆ ಹೊದಿಸಿ, ಬಣ್ಣ ಮೆತ್ತಗಾದ ಮೇಲೆ ಮರದ ಚಕ್ಕೆಯಿಂದ ಅಂಚು ಎಬ್ಬಿಸಿದರು. ಸಣ್ಣಸಣ್ಣ ಚೂರುಗಳು ಮಾತ್ರ ಹಟ ಹಿಡಿದು ಕೂತವು. ಆಗ ನೆರವಿಗೆ ಬಂದದ್ದು ಕಸುಬಿನ ಸಾಮಾನೇ: ಪೆಟ್ಟಿಗೆ ಕಟ್ಟುವ ಟೇಪು. ಯಾವ ಟೇಪು ಯಾವುದನ್ನು ಎಳೆಯುತ್ತದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಗಿರಾಕಿಯೊಬ್ಬರ ಮೇಜಿನ ಪಾಲಿಶ್ಶೇ ಟೇಪಿನ ಜೊತೆ ಎದ್ದುಬಂದು ಮುಖ ತೋರಿಸಲಾಗದೆ ನಿಂತಿದ್ದರು. ಬಿಗಿಯಾದದ್ದನ್ನು ಪಕ್ಕಕ್ಕಿಟ್ಟು, ಸಡಿಲು ಅಂಟಿನ ಕಾಗದದ ಟೇಪನ್ನು ಚೂರುಗಳ ಮೇಲೆ ಒತ್ತಿ ಮೆಲ್ಲಗೆ ಎತ್ತಿದರು. ನೀಲಿ ಚೂರು ಟೇಪಿಗೆ ಬಂತು. ಕೆಳಗಿನ ಮಾಸಲು ಅಲುಗಾಡಲಿಲ್ಲ.

ಅಂದಿನಿಂದ ದಿನವೂ ಲೋಡು ಇಳಿಸಿ ಬಂದ ಮೇಲೆ ಅದೇ ಕೆಲಸ. ಮೈದುನ ಬಿಸಿನೀರು ತರುವನು, ಟೇಪು ಕತ್ತರಿಸಿ ಕೊಡುವನು. ಅವಸರಪಟ್ಟು ಒಂದು ಸಲ ಚಕ್ಕೆಯನ್ನು ಜೋರಾಗಿ ಎಳೆದಾಗ ಅಕ್ಕ ಅವನ ಕೈಮೇಲೆ ಒಂದು ಕೊಟ್ಟರು. “ಕೆಡಿಸಿದೋನೇ ತೇಪೆ ಹಾಕೋಕೆ ಬಂದ್ರೆ ಹೀಗೇ. ಮೆತ್ತಗೆ!” ಅವನು ಮುನಿಸಿಕೊಳ್ಳಲಿಲ್ಲ. ಕಿಟಕಿಯ ಕೆಳಗಿನ ಚಕ್ಕೆ ಎದ್ದು, ಕೆಂಪಿನ ಅಂಚು, ನಡುವಿನ ತಗಡು ಎರಡೂ ಕಂಡಾಗ ಮೊದಲು ಕೂಗಿದವನು ಅವನೇ: “ಬಂತು ಅತ್ತಿಗೆ, ಬಂತು! ನಿಮ್ಮ ಕೈ ಬಂತು!”

ಬರದೆ ಉಳಿದದ್ದು ಒಂದೇ ಜಾಗ. ಬಾಗಿಲ ಕೆಳಗಿನ ಮೂಲೆ, ಮೈದುನ ಉಪ್ಪುಕಾಗದದಲ್ಲಿ ಉಜ್ಜಿದ್ದಷ್ಟು. ಅಲ್ಲಿ ಮೇಣ ಹೋಗಿತ್ತು, ಹೊಸ ಬಣ್ಣ ಬೇರು ಬಿಟ್ಟಿತ್ತು. ಚಕ್ಕೆಯಿಂದ ಎಬ್ಬಿಸಲು ನೋಡಿದರೆ ಹಳೆಯದೂ ಜೊತೆಗೇ ಏಳುವಂತಿತ್ತು. ಅಕ್ಕ ಕೈ ತೆಗೆದರು. ಗೋದಾಮು ತೆರೆಯುವುದು ಮರುದಿನ.

“ಮಾಸಲು ನೀಲಿ ಕಲಸಿ ಸವರಿಬಿಡ್ತೀನಿ. ದೊಡ್ಡಣ್ಣನಿಗೆ ಗೊತ್ತೇ ಆಗಲ್ಲ” ಎಂದ ಮೈದುನ.

“ಬೇಡ. ಮುಖಕ್ಕೆ ಬೂದಿ ಬಳ್ಕೊಂಡು ಮುದುಕನ ವೇಷ ಹಾಕಿದ ಹಾಗೆ. ಇದ್ದದ್ದು ಇದ್ದ ಹಾಗೆ ತೋರಿಸ್ತೀನಿ.”

ಮರುದಿನ ಭಾವ ಕನ್ನಡಕ ಒರೆಸಿಕೊಂಡು ಬಂದರು. ಬಾಗಿಲನ್ನು ಮೇಲಿನಿಂದ ನೋಡುತ್ತ ಬಂದು ಮೂಲೆಯ ಹತ್ತಿರ ನಿಂತರು. “ಇದು?”

“ಅದು ಬರಲಿಲ್ಲ, ಭಾವ. ಕಿತ್ತರೆ ಹಳೇದೂ ಹೋಗುತ್ತೆ. ಮೊದಲಿನ ಹಾಗೆ ತರ್ತೀನಿ ಅಂದಿದ್ದೆ, ಅಷ್ಟು ಆಗಲಿಲ್ಲ. ಮಾತು ಮಾತೇ. ಏನು ಮಾಡಬೇಕೋ ನೀವೇ ಹೇಳಿ.”

ಅಕ್ಕನ ಕೈಯಲ್ಲಿದ್ದ ಬಟ್ಟೆ ಮುದ್ದೆಯಾಗಿತ್ತು. ಮೈದುನ ನೆಲ ನೋಡುತ್ತಿದ್ದ. ಯಜಮಾನರು ಬಾನೆಟ್ಟಿನ ಒಳಗೆ ತಲೆ ತೂರಿಸಿ, ಇಲ್ಲದ ಕೆಲಸವೊಂದನ್ನು ಮಾಡುತ್ತಿದ್ದರು.

ಭಾವ ಬಹಳ ಹೊತ್ತು ಬಗ್ಗಿ ನೋಡಿದರು. ಮೂಲೆಯ ಹೊಸ ನೀಲಿಯ ಮೇಲೆ ಬೆರಳಾಡಿಸಿದರು, ಪಕ್ಕದ ಮಾಸಲಿನ ಮೇಲೂ ಆಡಿಸಿದರು. ಆಮೇಲೆ ಸೊಂಟ ಹಿಡಿದು ನೆಟ್ಟಗಾಗಿ, “ಒಂದು ಮನೆ ಸಾಮಾನು ಪೂರ್ತಿ ಸಾಗಿಸಿ, ಒಂದು ಬಟ್ಟಲಿನ ಅಂಚು ಒಡೆದಿದೆ ಅನ್ಕೋ. ಮನೆಯೇ ತಲುಪಲಿಲ್ಲ ಅಂತೀವಾ?” ಎಂದು ಕೇಳಿದರು.

“ಇಲ್ಲ.”

“ಒಡೆದದ್ದನ್ನ ಬಚ್ಚಿಡ್ತೀವಾ?”

“ಗಿರಾಕಿ ಕೈಗೆ ಕೊಟ್ಟು ತೋರಿಸ್ತೀವಿ.”

“ಅಷ್ಟೇ ಮತ್ತೆ. ಬಾಗಿಲು ತಲುಪಿದೆ. ಲಾರಿ ಮುಂದಕ್ಕೆ ತನ್ನಿ, ಎಡಗಡೆ ಬೀದಿಗೆ ಕಾಣೋ ಹಾಗೆ ನಿಲ್ಲಿಸಿ. ಲೋ, ಬಣ್ಣದವನಿಗೆ ಬರಬೇಡ ಅಂತ ಹೇಳು. ಆ ಮೂಲೆ ಏನು ಅಂತ ಯಾರಾದ್ರೂ ಕೇಳಿದ್ರೆ ನೀನೇ ಉತ್ತರ ಹೇಳಬೇಕು. ನನ್ನ ಹತ್ರ ಕಳಿಸಬೇಡ.”

ಮೈದುನ ಆ ದಿನವೆಲ್ಲ ಬಾಗಿಲ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ತನ್ನ ಪರಾಕ್ರಮವನ್ನು ಹೇಳಿದ. ಸಂಜೆಯ ಹೊತ್ತಿಗೆ ಕತೆಯಲ್ಲಿ ಅವನು ಅಷ್ಟೇನೂ ತಪ್ಪು ಮಾಡಿರಲಿಲ್ಲ.

ಈಗ ಮುದಿ ಲಾರಿ ಊರು ದಾಟುವುದಿಲ್ಲ. ಅಕ್ಕನ ಮೊಣಕಾಲೂ ಮೊದಲಿನಂತಿಲ್ಲ. ಭಾರ ಎತ್ತುವುದನ್ನು ಬಿಟ್ಟು ಕಟ್ಟುವುದನ್ನಷ್ಟೇ ಉಳಿಸಿಕೊಂಡಿದ್ದಾರೆ. ಮೈದುನ ಗುರುವಿಗಿಂತ ಕಟ್ಟುನಿಟ್ಟಾಗಿದ್ದಾನೆ, ಬೆಲ್ಟಿನ ಬಕಲು ತಾಗಿ ಗೀರು ಬಿದ್ದೀತೆಂದು ಲಾರಿಗೆ ಒರಗಿದವರನ್ನು ಗದರಿಸಿ ಎಬ್ಬಿಸುತ್ತಾನೆ. ಈ ವರ್ಷದ ಚಿಂತೆ ಕ್ಯಾಬಿನ್ನಿನ ಮಾಡಿನದು. ಗಾಜಿನ ಮೇಲೆ ಮುಂದಕ್ಕೆ ಚಾಚಿದ ತಗಡಿನ ಸಂದಿಯಲ್ಲಿ ನೀರು ನಿಂತು ತುಕ್ಕು ಹುಟ್ಟಿದೆ. ಅದನ್ನು ಮಳೆಗಾಲದೊಳಗೆ ತಡೆಯಬೇಕು. ಆದ್ದರಿಂದ ಅಕ್ಕ ದಿನಾ ಬೆಳಿಗ್ಗೆ ಏಣಿ ಹತ್ತಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದಿಯ ತುಕ್ಕನ್ನು ಪುಡಿಪುಡಿಯಾಗಿ ತೆಗೆಯುತ್ತಾರೆ, ಊದುತ್ತಾರೆ, ಎಣ್ಣೆ ಇಳಿಸುತ್ತಾರೆ.

“ಇದು ಮುಗಿಯೋದು ಯಾವಾಗ ಮಾರಾಯ್ತಿ?” ಎಂದು ಕೆಳಗಿನಿಂದ ಯಜಮಾನರು ಕೇಳುತ್ತಾರೆ.

“ಅದರ ಯೋಚನೆ ನಿಮಗ್ಯಾಕೆ? ಏಣಿ ಅಲ್ಲಾಡದ ಹಾಗೆ ಹಿಡ್ಕೊಳ್ಳಿ” ಎಂದು ಮೇಲಿನಿಂದ ಉತ್ತರ ಬರುತ್ತದೆ. ಯಜಮಾನರು ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಾರೆ.