ದುಬೈ ರಂಗೋಲಿ

ಪಾಂಡವಪುರದ ಆಚಾರ್ ಬೀದಿಯ ಯಶೋದಮ್ಮನಿಗೆ ಒಂದು ಸಲ ಹೆಸರು ಬಂದಿತ್ತು. ಅಷ್ಟಕ್ಕೇ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ತೊಂಬತ್ನಾಲ್ಕನೇ ಇಸವಿಯ ಸಂಕ್ರಾಂತಿಗೆ ಮಹಿಳಾ ಸಮಾಜದವರು ರಂಗೋಲಿ ಸ್ಪರ್ಧೆ ಇಟ್ಟಿದ್ದರು. ಮೊದಲ ಬಹುಮಾನ ಯಶೋದಮ್ಮನಿಗೆ, ಒಂದು ಸ್ಟೀಲ್ ಡಬ್ಬ. ಡಬ್ಬ ಹಿಡಿದು ನಿಂತ ಫೋಟೋ ಮಂಡ್ಯದ ಒಂದು ಪತ್ರಿಕೆಯಲ್ಲೂ ಬಂತು. ಅದರಲ್ಲಿ ಡಬ್ಬ ಬಹಳ ಚೆನ್ನಾಗಿ ಬಿದ್ದಿತ್ತು. ಅಲ್ಲಿಂದ ಶುರುವಾಯಿತು ನೋಡಿ. ಬೀದಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಹಾಲಿನ ಡೈರಿಗೆ ಸಾಹೇಬರು ಬರುವುದಾಗಲಿ, 'ಯಶೋದಮ್ಮನ್ನ ಕರೀರಿ'. ಕರೆದವರು ಕಾಸು ಕೊಡಲಿಲ್ಲ. ನಮ್ಮ ಬೀದಿಯವಳಿಗೆ ನಾವು ಕಾಸು ಕೊಡುವುದುಂಟೆ? ಎಲೆ ಅಡಿಕೆ ಕೊಟ್ಟು, 'ನಿನ್ ಕೈ ದೇವ್ರ ಕೈ ಕಣವ್ವ' ಎಂದು ಕಳಿಸಿದರು. ಎರಡು ವರ್ಷ ಬಗ್ಗಿ ಬಗ್ಗಿ ದೇವರ ಕೈಗೆ ಏನೂ ಆಗಲಿಲ್ಲ, ಸೊಂಟ ಹಿಡಿದುಕೊಂಡಿತು. ಗಂಡ ಪುಟ್ಟಸ್ವಾಮಿ ಆಚಾರಿ, ಬಂಗಾರದ ಕೆಲಸದವನು, ನೋವಿನ ಎಣ್ಣೆ ತಂದುಕೊಟ್ಟ. ಅಂಗಡಿಯವನು ಎಲೆ ಅಡಿಕೆಗೆ ಎಣ್ಣೆ ಕೊಟ್ಟಿರಲಿಲ್ಲ.

ಕೊನೆಗೆ ಯಶೋದಮ್ಮ ಒಂದು ಸುಳ್ಳು ಹೇಳಿದಳು. ಕೈ ನಡುಗುತ್ತದೆ, ಎಳೆ ನೆಟ್ಟಗೆ ಬರುವುದಿಲ್ಲ ಅಂದಳು. ಅದನ್ನು ಸಾಬೀತು ಮಾಡಲು ಅಂದಿನಿಂದ ತನ್ನ ಬಾಗಿಲಿಗೂ ಬರಿಯ ಒಂದು ನಕ್ಷತ್ರ ಬರೆದು, ಅದನ್ನೂ ಸ್ವಲ್ಪ ಸೊಟ್ಟಗೆ ಬರೆದು ಒಳಗೆ ಹೋಗುತ್ತಿದ್ದಳು. ಬೀದಿ 'ಅಯ್ಯೋ ಪಾಪ' ಎಂದು ಸುಮ್ಮನಾಯಿತು.

ತೊಂಬತ್ತೊಂಬತ್ತರಲ್ಲಿ ತಮ್ಮ ರವೀಂದ್ರ ಮೈಸೂರಿನ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ದುಬೈಯಲ್ಲಿದ್ದ ಅರಸೀಕೆರೆ ಕಡೆಯವರೊಬ್ಬರು ಕನ್ನಡದವರ ಹಬ್ಬ ಹರಿದಿನಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ನಡೆಸುತ್ತಿದ್ದರು. ಅದಕ್ಕೆ ವಾರಕ್ಕೊಂದು ಹೊಸ ರಂಗೋಲಿ ಬೇಕಿತ್ತು. ಒಂದಕ್ಕೆ ಇನ್ನೂರು ರೂಪಾಯಿ. ಯಶೋದಮ್ಮ ಗೋಡೆಗೊರಗಿ ಕೂತು, ಚೌಕುಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದಳು. ತಮ್ಮ ಅದನ್ನು ಕಂಪ್ಯೂಟರಿಗೆ ಹತ್ತಿಸಿ ದುಬೈಗೆ ಕಳಿಸುತ್ತಿದ್ದ. ಬಂದ ಹಣದಲ್ಲಿ ಆಕೆಗೆ ಬೇಕಾಗಿದ್ದುದು ಒಂದೇ: ನಿಂತುಕೊಂಡು ಅಡುಗೆ ಮಾಡಲು ಒಂದು ಕಟ್ಟೆ. ಅದಕ್ಕೆ ಕಡಪ ಕಲ್ಲು ಆಗಲೇ ಬಂದು ಹಿತ್ತಿಲ ಗೋಡೆಗೆ ಒರಗಿತ್ತು.

"ಅಕ್ಕ, ಅವ್ರು ನಿನ್ ಹೆಸ್ರು, ಫೋಟೋ ಕೇಳ್ತಾವ್ರೆ. ಪ್ರಪಂಚವೆಲ್ಲ ನೋಡ್ತದಂತೆ" ಎಂದ ರವೀಂದ್ರ.

"ಪ್ರಪಂಚ ನೋಡ್ಕಳ್ಳಿ ಬುಡು. ನಮ್ ಬೀದಿ ನೋಡ್ಬಾರ್ದು ಅಷ್ಟೆ."

ಆ ಕಾರ್ತಿಕದಲ್ಲಿ ಪಕ್ಕದ ಮನೆ ದ್ಯಾವಮ್ಮನ ಮಗಳು ಶ್ವೇತಳ ಮದುವೆ ಬಂತು. ಚಪ್ಪರದ ದಿನ ಗಂಡಿನ ಅಣ್ಣ ಸುರೇಂದ್ರ ಮೈಸೂರಿನಿಂದ ವ್ಯಾನಿನಲ್ಲಿ ಬಂದಿಳಿದ. ಕೈಯಲ್ಲಿ ಇಂಟರ್‌ನೆಟ್ಟಿನಿಂದ ತೆಗೆದ ಒಂದು ಕಾಗದ. ಜೊತೆಗೆ ಭೂಮಿಕ, ಮದುವೆಮನೆಗಳಿಗೆ ಹೋಗಿ ಮೆಹಂದಿ, ರಂಗೋಲಿ ಹಾಕಿ ಸಂಸಾರ ಸಾಗಿಸುವ ಹೆಂಗಸು. ಐನೂರು ರೂಪಾಯಿಗೆ ಗೊತ್ತು ಮಾಡಿ ಕರೆತಂದಿದ್ದ.

"ಇದು ದುಬೈ ರಂಗೋಲಿ. ಒಂದೇ ಎಳೆ. ಎಲ್ಲಿಂದ ಶುರು ಮಾಡ್ತೀವೋ ಸುತ್ತಿ ಸುತ್ತಿ ಅಲ್ಲಿಗೇ ಬಂದು ಸೇರುತ್ತೆ" ಎಂದು ಸುರೇಂದ್ರ ಎಲ್ಲರಿಗೂ ತೋರಿಸಿದ. ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದ ಯಶೋದಮ್ಮನಿಗೂ ತೋರಿಸಿದ. ಆಕೆ ನೋಡಿ "ಚೆನ್ನಾಗದೆ" ಅಂದಳು. ಮೂರು ವಾರದ ಹಿಂದೆ ತಾನೇ ಬರೆದದ್ದು. ಖುಷಿಯಾಯಿತು, ಇನ್ನೊಂದು ಕಾಯಿ ಒಡೆದಳು.

ಭೂಮಿಕ ಚುಕ್ಕಿ ಇಟ್ಟಳು, ಎಳೆ ಎಳೆದಳು. ಎಳೆ ಬಂದು ಸೇರಲಿಲ್ಲ. ಒರೆಸಿ ಮತ್ತೆ ಎಳೆದಳು. ಮೂರನೇ ಸಲವೂ ಒಂದು ತುದಿ ಬಾಲದಂತೆ ಹೊರಗೇ ಉಳಿಯಿತು. ಶ್ವೇತಳ ಅಜ್ಜಿ ಚಿಕ್ಕಬೋರಮ್ಮ ಕೋಲೂರಿಕೊಂಡು ಬಂದು ನೋಡಿ, "ಎಳೆ ಕೂಡ್ದೆ ಇರೋ ರಂಗೋಲಿ ದಾಟ್ಕೊಂಡು ನನ್ ಮೊಮ್ಮಗ್ಳು ಹಸೆಮಣೆಗೆ ಹೋಗಾಕಿಲ್ಲ" ಎಂದಳು.

"ಪೇಪರಿನಲ್ಲೇ ಹೀಗಿದೆ ಸರ್" ಎಂದಳು ಭೂಮಿಕ.

"ದುಬೈನೋರು ತಪ್ಪು ಬರೀತಾರೇನಮ್ಮ? ಬರಲ್ಲ ಅಂದ್ರೆ ಬರಲ್ಲ ಅನ್ನು. ಬಸ್ ಚಾರ್ಜ್ ಕೊಡ್ತೀನಿ, ಹೊರಡು" ಎಂದ ಸುರೇಂದ್ರ.

ಯಶೋದಮ್ಮ ಕೂತಲ್ಲಿಂದಲೇ ಚುಕ್ಕಿ ಲೆಕ್ಕ ಹಾಕಿದಳು. ಒಂಬತ್ತನೇ ಸಾಲು, ಮೂರನೇ ಚುಕ್ಕಿ. ಎಳೆ ಒಳಗೆ ತಿರುಗಬೇಕಾಗಿತ್ತು, ಹೊರಗೆ ತಿರುಗಿತ್ತು. ಅಂದು ಹಾಳೆಯ ಮೇಲೆ ಆ ಚುಕ್ಕಿಗೆ ಬರುವಾಗ ಒಲೆಯ ಮೇಲೆ ಹಾಲು ಉಕ್ಕಿತ್ತು. ಎದ್ದು ಹೋಗಿ ಬಂದು ಅದೇ ಗಡಿಬಿಡಿಯಲ್ಲಿ ಪೆನ್ನು ಓಡಿಸಿದ್ದಳು. ಆಕೆಯ ಮುಖ ಬಿಸಿಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಾಯಿಬಿಟ್ಟರೆ ಬೀದಿ ಮತ್ತೆ ಎಲೆ ಅಡಿಕೆ ಹಿಡಿದು ಬಾಗಿಲಿಗೆ ಬರುತ್ತದೆ, ಸೊಂಟ ಮತ್ತೆ ಹೋಗುತ್ತದೆ. ಹೊಗಳಿಕೆಯನ್ನು ದುಬೈಗೆ ಬಿಟ್ಟುಕೊಟ್ಟದ್ದಕ್ಕೆ ಆಕೆಗೆ ಒಂದು ದಿನವೂ ಹೊಟ್ಟೆ ಉರಿದಿರಲಿಲ್ಲ. ಆದರೆ ತನ್ನ ತಪ್ಪಿಗೆ ಇನ್ನೊಬ್ಬಳು ಬೈಸಿಕೊಳ್ಳುವುದನ್ನು ಕೂತು ನೋಡಲು ಆಗಲಿಲ್ಲ.

"ಆ ತಪ್ಪು ಆಯಮ್ಮಂದಲ್ಲ, ನಂದು. ಆ ಕಾಗ್ದದಲ್ಲಿರೋದ್ನ ಬರ್ದೋಳು ನಾನೇಯ" ಎಂದು ಎದ್ದು ನಿಂತಳು.

ಚಪ್ಪರದಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು.

"ದುಬೈಗೆ ಯಾವಾಗ್ ಹೋಗಿ ಬಂದ್ಬುಟ್ಟೆ ಯಶೋದವ್ವ? ದಿನಾ ಡೈರೀಲಿ ನನ್ ಹಿಂದೇನೆ ನಿಂತಿರ್ತಿದ್ದಲ್ಲ!" ಎಂದಳು ದ್ಯಾವಮ್ಮ.

ಯಶೋದಮ್ಮ ವಾದಕ್ಕೆ ಹೋಗಲಿಲ್ಲ. ಸೊಂಟ ಹಿಡಿದುಕೊಂಡು ಮಂಡಿಯೂರಿದಳು, ಒಂದು ತಿರುವನ್ನು ಬೆರಳಿನಿಂದ ಒರೆಸಿದಳು, ಚಿಟಿಕೆ ಪುಡಿ ತೆಗೆದು ಎಳೆಯನ್ನು ಒಳಗೆ ತಿರುಗಿಸಿದಳು. ಎಳೆ ಕೂಡಿತು. ಸುರೇಂದ್ರ ಬಗ್ಗಿ ನೋಡಿ, "ಪೇಪರಿನಲ್ಲಿ ಹೀಗಿಲ್ವಲ್ಲ" ಎಂದ.

"ಪೇಪರ್ನ ಮಡ್ಚಿ ಜೇಬಲ್ಲಿ ಇಟ್ಕಳಪ್ಪ. ಆಯಮ್ಮನ ಕಾಸು ಕೊಡು" ಎಂದಳು ಚಿಕ್ಕಬೋರಮ್ಮ. ಸುರೇಂದ್ರ ಭೂಮಿಕಳಿಗೆ ಐನೂರು ಕೊಟ್ಟ.

ದ್ಯಾವಮ್ಮ ಎಲೆ ಅಡಿಕೆ ತಂದಳು. "ಅಂತೂ ಕೈ ನಡುಕ ಹೋಯ್ತಲ್ಲವ್ವ! ಬರೋ ವಾರ ನಮ್ ತಂಗಿ ಮನೆ ಗೃಹಪ್ರವೇಶ, ಬಂದ್ಬುಡು."

"ಬತ್ತೀನಿ. ಇನ್ನೂರು ರೂಪಾಯಿ ಆಯ್ತದೆ."

ಇದೂ ತಮಾಷೆ ಎಂದುಕೊಂಡು ದ್ಯಾವಮ್ಮ ನಕ್ಕಳು. ಯಶೋದಮ್ಮ ನಗಲಿಲ್ಲ. ಗೃಹಪ್ರವೇಶಕ್ಕೆ ಆಕೆಯನ್ನು ಯಾರೂ ಕರೆಯಲೂ ಇಲ್ಲ.

ಮದುವೆ ಮುಗಿದ ಮರುದಿನ ಆಕೆ ಅದೇ ರಂಗೋಲಿಯನ್ನು ಹೊಸ ಹಾಳೆಯಲ್ಲಿ ಬರೆದಳು. ಈ ಸಲ ಒಲೆ ಆರಿಸಿ ಕೂತಿದ್ದಳು. ಜೊತೆಗೆ ತಮ್ಮನಿಗೆ ಒಂದು ಕಾಗದ:

'ರವಿ, ಹೋದ ತಿಂಗಳ ಒಂದೆಳೆ ರಂಗೋಲಿಯಲ್ಲಿ ತಪ್ಪಾಗಿದೆ. ಸರಿಯಾದದ್ದನ್ನು ಇಟ್ಟಿದ್ದೇನೆ. ಇದಕ್ಕೆ ದುಡ್ಡು ಕೇಳಬೇಡ. ರಂಗೋಲಿಗೆ ಎಂದಿನ ಹಾಗೆ ಹೆಸರು ಬೇಡ. ಕೆಳಗೆ ಮಾತ್ರ ಇಷ್ಟು ಹಾಕಿಸು: ಒಂಬತ್ತನೇ ಸಾಲಿನ ಮೂರನೇ ಚುಕ್ಕಿಯಲ್ಲಿ ಎಳೆ ತಪ್ಪಿಸಿದವಳು ಯಶೋದಮ್ಮ, ಆಚಾರ್ ಬೀದಿ, ಪಾಂಡವಪುರ.'