ಹತ್ತನೇ ದಿನ ಬಾಯಿಬಿಟ್ಟ ಪೆಟ್ಟಿಗೆ

ಬೆಳಗಿನ ಐದೂವರೆ. ಬೀದಿಯಲ್ಲಿ ಪೇಪರ್ ಹಾಕುವವನ ಸೈಕಲ್ಲಿನ ಚೈನು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಎಡಗಡೆ ಒಂದು ಹೊಲಿಗೆ ಯಂತ್ರ. ಬಲಗಡೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಐದು ಕಂಪ್ಯೂಟರುಗಳು. ಆರನೆಯದಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಕುಳ್ಳ ಸ್ಟೂಲಿನ ಮೇಲೆ ಕುಳಿತಿರುವವರು ಸ್ಕ್ರೂ ಅಕ್ಕ.

"ಫ್ಯಾನು ಸರಿಯಾಗಿ ತಿರುಗ್ತಿದೆ. ಡಿಸ್ಕು ಗೊಣಗ್ತಿಲ್ಲ. ಚಿತ್ರಾನೂ ಬಂದಿದೆ. ಇಲ್ಲಿದ್ದಾಗ ಬಂಗಾರದಂಥ ಪೆಟ್ಟಿಗೆ ರೀ ಇದು. ಮೇಷ್ಟ್ರ ಮನೆಗೆ ಹೋದ ತಕ್ಷಣ ಮುಖ ಕಪ್ಪು ಮಾಡ್ಕೊಳ್ಳುತ್ತೆ."

ಸೂಜಿಗೆ ದಾರ ಪೋಣಿಸುತ್ತಿದ್ದ ಗಂಡ ತಲೆ ಎತ್ತುವುದಿಲ್ಲ. ಅವರು ಟೈಲರು. "ಒಂಬತ್ತು ದಿನದಿಂದ ಬೂಟ್ ಆಗ್ಲಿಲ್ಲ, ಬೂಟ್ ಆಗ್ಲಿಲ್ಲ ಅಂತ ಬಡ್ಕೋತಿದೀಯ. ಚಪ್ಪಲಿ ಹಾಕಿ ನೋಡು ಕಣೇ."

"ನಿಮ್ಮ ಬಾಯಿಗೊಂದು ಗುಂಡಿ ಹೊಲ್ಕೊಳ್ರೀ ಮೊದಲು."

ಇಬ್ಬರೂ ನಗುತ್ತಾರೆ, ಆದರೆ ಅಕ್ಕನ ನಗು ಅರ್ಧಕ್ಕೇ ನಿಲ್ಲುತ್ತದೆ. ಎದುರಿಗಿರುವುದು ಅಂಗಡಿಯಲ್ಲಿ ಹಾಗೇ ಕೊಂಡುತಂದ ಕಂಪ್ಯೂಟರಲ್ಲ. ಒಂದೊಂದೇ ಬಿಡಿಭಾಗ ಆರಿಸಿ ಕಟ್ಟಿದ್ದು. ಅದರೊಳಗೆ ಓಡಬೇಕಾಗಿರುವುದು ಮ್ಯಾಕ್ ಓಎಸ್, ಅಂದರೆ ಮ್ಯಾಕ್ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಆ ಮಹಾಶಯ ಹುಟ್ಟಿದ್ದು ತನ್ನದೇ ಕಂಪನಿಯ ಪೆಟ್ಟಿಗೆಯಲ್ಲಿ ಸಂಸಾರ ಮಾಡಲಿಕ್ಕೆ. ಹೊರಗಿನ ಪೆಟ್ಟಿಗೆಗೆ ಕರೆತಂದರೆ ಹೊಸ ಅಳಿಯನ ಹಾಗೆ ಎಲ್ಲದಕ್ಕೂ ಮುನಿಸು. ಈ ವೈಫೈ ಕಾರ್ಡು ನಮ್ಮ ಕಡೆಯದಲ್ಲ, ಆ ಧ್ವನಿಯ ಚಿಪ್ಪಿನ ಪರಿಚಯವಿಲ್ಲ, ಮಲಗಿದರೆ ಏಳುವುದಿಲ್ಲ, ಎದ್ದರೆ ಮಲಗುವುದಿಲ್ಲ. ಈ ಅಳಿಯನಿಗೂ ಆ ಮನೆಗೂ ಹೊಂದಾಣಿಕೆ ಮಾಡಿಸುವುದೇ ಅಕ್ಕನ ಕಸುಬು.

"ಕಂಪನಿ ಕರಾರಿನಲ್ಲಿ ಇದಕ್ಕೆ ಒಪ್ಪಿಗೆ ಇಲ್ಲ. ಕೆಟ್ರೆ ಅವರನ್ನ ಕೇಳೋ ಹಾಗಿಲ್ಲ. ಕೈಲಾದ್ರೆ ಅಸಲಿದನ್ನೇ ತಗೊಳ್ಳಿ ಅಂತ ಎಲ್ಲರಿಗೂ ಮೊದಲೇ ಹೇಳ್ತೀನಿ," ಎನ್ನುತ್ತಾರೆ. "ಕೈಲಾಗದೋರೇ ನನ್ನ ಹತ್ರ ಬರೋದು."

ಮೇಷ್ಟ್ರು ಹಾಗೆ ಬಂದವರು. ಹುಟ್ಟಿನಿಂದ ಕಣ್ಣು ಕಾಣದ ಅವರು ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಪರೀಕ್ಷೆಗೆ ಕೂರುವ ಮಕ್ಕಳಿಗಾಗಿ ಇಡೀ ಪುಸ್ತಕವನ್ನು ಧ್ವನಿಪಾಠ ಮಾಡುತ್ತಿದ್ದಾರೆ. ಒಟ್ಟು ನಲವತ್ತೊಂದು ಪಾಠ. ನಲವತ್ತು ಮುಗಿಯುವ ಹೊತ್ತಿಗೆ ಅವರ ಹಳೆಯ ಮ್ಯಾಕ್ ಶಾಶ್ವತವಾಗಿ ಕಣ್ಣುಮುಚ್ಚಿತು. ಅದರ ಡಿಸ್ಕನ್ನು ಅಕ್ಕ ಉಳಿಸಿಕೊಟ್ಟರು. ಆದರೆ ಪಾಠಗಳಿರುವ ಕಡತ ತೆರೆದುಕೊಳ್ಳುವುದು ಮ್ಯಾಕ್ ಓಎಸ್‌ನಲ್ಲಿ ಮಾತ್ರ ಓಡುವ ಒಂದು ಧ್ವನಿ ಸಂಕಲನದ ತಂತ್ರಾಂಶದಲ್ಲಿ. ಅಸಲಿ ಪೆಟ್ಟಿಗೆ ಕೊಳ್ಳಲು ಮೇಷ್ಟ್ರಿಗೂ ಆಗದು, ಶಾಲೆಗೂ ಆಗದು. ಪರೀಕ್ಷೆಗೆ ಉಳಿದಿರುವುದು ಹನ್ನೆರಡೇ ದಿನ. ಇಪ್ಪತ್ಮೂರು ಮಕ್ಕಳು ಕಿವಿ ತೆರೆದು ಕಾಯುತ್ತಿದ್ದಾರೆ.

ಅಕ್ಕ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಹದಿನೈದು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಟೈಪಿಸ್ಟಾಗಿದ್ದರು. ಅವರ ಕಂಪ್ಯೂಟರು ದಿನಕ್ಕೆರಡು ಸಲ ಮುಷ್ಕರ ಹೂಡುತ್ತಿತ್ತು; ರಿಪೇರಿಯವನು ತಿಂಗಳಿಗೊಮ್ಮೆ ದರ್ಶನ ಕೊಡುತ್ತಿದ್ದ. ಕಾದು ಕಾದು ಬೇಸತ್ತು ಒಂದು ದಿನ ಹೇರ್‌ಪಿನ್ನಿನಿಂದ ಮುಚ್ಚಳ ಬಿಚ್ಚಿದರು. "ಒಳಗೆ ನೋಡಿದ್ರೆ ಏನಿದೆ? ಧೂಳು. ನಮ್ಮನೆ ಅಟ್ಟದಲ್ಲೂ ಅಷ್ಟೇ ಇತ್ತು. ಭಯ ಅವತ್ತೇ ಹೋಯ್ತು." ಕಚೇರಿ ಮುಚ್ಚಿದಾಗ ಗುಜರಿಗೆ ಹೊರಟಿದ್ದ ನಾಲ್ಕು ಯಂತ್ರಗಳನ್ನು ಮನೆಗೆ ಹೊತ್ತು ತಂದರು. ಗಂಡ ಅಂಗಡಿಯ ಅರ್ಧಭಾಗ ಬಿಟ್ಟುಕೊಟ್ಟರು. ಅಂದಿನಿಂದ ಅಂಗಡಿಯಲ್ಲಿ ಗುಂಡುಸೂಜಿಯ ಡಬ್ಬಿಗೂ ಸ್ಕ್ರೂ ಡಬ್ಬಿಗೂ ಗಡಿ ವಿವಾದ ನಡೆದೇ ಇದೆ.

ಬರುವ ಗಿರಾಕಿಗಳಿಗೆ ಈಗಲೂ ನಂಬಿಕೆ ಸಾಲದು. ಅಕ್ಕನನ್ನು ದಾಟಿ ಹೋಗಿ ಗಂಡನ ಮುಂದೆ ಕಂಪ್ಯೂಟರು ಇಡುತ್ತಾರೆ. "ನನ್ನ ಕೈಗೆ ಕೊಟ್ರೆ ಇದಕ್ಕೆ ಎರಡು ಜೇಬು ಇಟ್ಟು ಕೊಡ್ತೀನಿ ಸ್ವಾಮಿ. ಸರಿಯಾಗ್ಬೇಕಾದ್ರೆ ಅಲ್ಲಿ ಕೊಡಿ," ಎಂದು ಟೈಲರು ಕತ್ತರಿಯಿಂದ ಬಲಗಡೆ ತೋರಿಸುತ್ತಾರೆ.

ದಿನಕ್ಕೆ ನಾಲ್ಕೈದು ಯಂತ್ರ, ಮೂವತ್ತು ಫೋನು. ಅರ್ಧ ಕಾಯಿಲೆ ಫೋನಿನಲ್ಲೇ ವಾಸಿಯಾಗುತ್ತದೆ, ಯಾಕೆಂದರೆ ಅಕ್ಕ ಗಿರಾಕಿಗಳಿಂದಲೇ ಯಂತ್ರದ ಮಿಮಿಕ್ರಿ ಮಾಡಿಸುತ್ತಾರೆ. ಇವತ್ತು ಆರು ಗಂಟೆಗೇ ಒಬ್ಬರ ಕರೆ.

"ಪೀಂ ಪೀಂ ಅಂತಿದೆ ಮೇಡಂ."

"ಸರಿಯಾಗಿ ಮಾಡಿ ತೋರಿಸಿ ಸರ್. ಉದ್ದ ಪೀಂ ಎಷ್ಟು, ಗಿಡ್ಡ ಪೀಂ ಎಷ್ಟು?"

ಆ ಕಡೆಯಿಂದ ಒಬ್ಬ ಬ್ಯಾಂಕಿನ ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಪೀಂ...ಂ...ಂ. ಪೀಂ. ಪೀಂ," ಎನ್ನುತ್ತಾರೆ. ಹಿನ್ನೆಲೆಯಲ್ಲಿ ಅವರ ಹೆಂಡತಿ, "ಏನಾಯ್ತು ರೀ ನಿಮಗೆ?" ಎಂದು ಕೇಳುವುದೂ ಕೇಳಿಸುತ್ತದೆ.

"ಒಂದು ಉದ್ದ, ಎರಡು ಗಿಡ್ಡ. ಗ್ರಾಫಿಕ್ಸ್ ಕಾರ್ಡು ಅಲ್ಲಾಡಿದೆ. ಸ್ವಿಚ್ ಆಫ್ ಮಾಡಿ, ತೆಗೆದು, ಗಟ್ಟಿಯಾಗಿ ಕೂರಿಸಿ."

ಇಷ್ಟೆಲ್ಲ ಬಲ್ಲ ಅಕ್ಕನಿಗೆ ಮೇಷ್ಟ್ರ ಪೆಟ್ಟಿಗೆ ಮಾತ್ರ ಒಂಬತ್ತು ದಿನದಿಂದ ನೀರು ಕುಡಿಸಿದೆ. ಅವರದೊಂದು ಪದ್ಧತಿಯಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಾಯಿಸಿದೆ, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಮುಂದಿನದು. ಇಂಥ ಅರವತ್ಮೂರು ಪೆಟ್ಟಿಗೆ ಕಟ್ಟಿ ಏಳು ನೋಟ್‌ಬುಕ್ಕು ತುಂಬಿಸಿದ್ದಾರೆ. ಈ ಸಲ ಮೆಮೊರಿ ಬದಲಾಯಿಸಿದರು, ಪವರ್ ಸಪ್ಲೈ ಬದಲಾಯಿಸಿದರು, ಮೇಷ್ಟ್ರ ಮನೆಯ ವೋಲ್ಟೇಜು ಅಳೆದರು. ಇನ್ನೂರ ಹನ್ನೆರಡು ಸಲ ರೀಸ್ಟಾರ್ಟ್ ಮಾಡಿದರು. ಅಂಗಡಿಯಲ್ಲಿ ಪ್ರತಿ ಸಲವೂ ಓಡಿತು. ಎರಡು ಸಲ ಹೊತ್ತುಕೊಂಡು ಹೋದಾಗಲೂ ಮೇಷ್ಟ್ರ ಮಾನಿಟರಿನಲ್ಲಿ ಕಂಪನಿಯ ಮೊದಲ ಗುರುತು ಮೂಡಿತು, ಅದರಡಿಯ ಬಿಳಿ ಗೆರೆ ಅರ್ಧದವರೆಗೆ ಓಡಿತು, ಆಮೇಲೆ ಕತ್ತಲು. "ಮೊದಲ ಗುರುತು ಬಂತಲ್ಲ, ಹಾಗಾಗಿ ವೈರೂ ಮಾನಿಟರೂ ಸರಿಯಿದೆ ಅಂತ ಬರೆದು ಆ ಎರಡರ ಮೇಲೂ ಗೆರೆ ಹೊಡೆದಾಗಿದೆ," ಎನ್ನುತ್ತಾರೆ. ತಪ್ಪು ಆದದ್ದು ಆ ಗೆರೆಯಲ್ಲೇ. ಆದರೆ ಈ ಬೆಳಿಗ್ಗೆ ಅದಿನ್ನೂ ಅವರಿಗೆ ಗೊತ್ತಿಲ್ಲ.

ಏಳು ಗಂಟೆಗೆ ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಡುತ್ತಾರೆ. ರಸ್ತೆಯ ಪ್ರತಿ ಉಬ್ಬಿಗೂ "ನಿಧಾನಪ್ಪಾ, ಬಾಣಂತಿ ಇದ್ದ ಹಾಗೆ ಇದು," ಎಂದು ಡ್ರೈವರನ ಬೆನ್ನು ತಟ್ಟುತ್ತಾರೆ. ಎರಡನೇ ಮಹಡಿ, ಲಿಫ್ಟಿಲ್ಲ. ಕಳೆದೆರಡು ಸಲ ಮೇಷ್ಟ್ರು ಶಾಲೆಗೆ ಹೋಗಿದ್ದರು. ಬಾಗಿಲು ತೆರೆದದ್ದು ಅವರ ಜೊತೆಗಿರುವ ದೊಡ್ಡಕ್ಕ. ಇವತ್ತು ರಜೆ. ಮೇಷ್ಟ್ರೇ ಗೋಡೆ ಸವರಿಕೊಂಡು ಬಂದು ಚಿಲಕ ತೆಗೆಯುತ್ತಾರೆ.

ಮಾನಿಟರಿಗೆ ವೈರು. ಸ್ವಿಚ್ಚು. ಗುರುತು ಮೂಡುತ್ತದೆ. ಗೆರೆ ಅರ್ಧಕ್ಕೆ ಬರುತ್ತದೆ. ಕತ್ತಲು.

ಅಕ್ಕ ಕೈಚೆಲ್ಲಿ ನೆಲದ ಮೇಲೆ ಕೂರುತ್ತಾರೆ. "ಮೇಷ್ಟ್ರೇ, ಮತ್ತೆ ಕಪ್ಪು. ನನ್ನಿಂದ ಆಗಲ್ಲ ಅನ್ಸುತ್ತೆ. ಬೇರೆಯವರ ಹತ್ರ..."

"ಇರಿ ತಾಯಿ. ಏನು ಕಪ್ಪು?"

"ಪರದೆ. ಪೂರ್ತಿ ಕಪ್ಪು."

"ಓ, ಅಷ್ಟೇನಾ? ನನಗೆ ಹುಟ್ಟಿದಾಗಿಂದ ಹಾಗೇ ಇದೆ," ಎಂದು ಮೇಷ್ಟ್ರು ನಗುತ್ತಾರೆ. "ಮಾತಾಡುತ್ತಾ ಅದು?"

ಅಕ್ಕ ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ನೋಡುತ್ತಾರೆ. ಈ ಮನೆಯಲ್ಲಿ ಅವರು ಸ್ಪೀಕರನ್ನು ಜೋಡಿಸಿಯೇ ಇರಲಿಲ್ಲ. ಚಿತ್ರ ಬಂದ ಮೇಲೆ ತಾನೇ ಶಬ್ದ, ಎಂದುಕೊಂಡಿದ್ದರು. ಮೇಷ್ಟ್ರು ತಮ್ಮ ಪುಟ್ಟ ಸೌಂಡ್ ಬಾಕ್ಸನ್ನು ತಡವಿ ತಂದು ಸಿಕ್ಕಿಸುತ್ತಾರೆ. ಕೀಬೋರ್ಡಿನ ಮೇಲೆ ಬೆರಳಾಡಿಸಿ, ಪರದೆಯಲ್ಲಿರುವುದನ್ನು ಓದಿ ಹೇಳಿಸುವ ಎರಡು ಗುಂಡಿ ಒಟ್ಟಿಗೆ ಒತ್ತುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಪ್ಪು ಪರದೆಯ ಹಿಂದಿನಿಂದ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಪಟಪಟನೆ ಹೇಳುತ್ತದೆ: ಪಾಸ್‌ವರ್ಡ್ ಹಾಕಿ.

"ಬದುಕಿದೆ!" ಎಂದು ಕಿರುಚುವವರು ದೊಡ್ಡಕ್ಕ.

ಪೆಟ್ಟಿಗೆ ಒಂಬತ್ತು ದಿನವೂ ಆರೋಗ್ಯವಾಗಿಯೇ ಇತ್ತು. ಕತ್ತಲಲ್ಲಿ ಕುಳಿತು ಪಾಸ್‌ವರ್ಡಿಗಾಗಿ ಕಾಯುತ್ತಿತ್ತು, ಅಷ್ಟೇ. ಅಕ್ಕ ತಕ್ಷಣ ಗಂಡನಿಗೆ ಫೋನು ಹಚ್ಚುತ್ತಾರೆ. "ರೀ, ಎಲ್ಲಾ ಓಡ್ತಿದೆ, ಪರದೆ ಒಂದೇ ಕಾಣ್ತಿಲ್ಲ. ನಮ್ಮಲ್ಲಿ ಕಾಣುತ್ತೆ, ಇಲ್ಲಿ ಯಾಕಿಲ್ಲ?"

"ನಮ್ಮಲ್ಲಿ ಯಾವ ವೈರಲ್ಲಿ ನೋಡಿದೆ?"

"ನಂದೇ. ಯಾವಾಗ್ಲೂ ಹಾಕೋದು."

"ನೋಡು, ಪ್ಯಾಂಟಿನ ಉದ್ದ ಅಳೆಯುವಾಗ ನೀವು ಹಾಕೋ ಬೂಟನ್ನೇ ಹಾಕ್ಕೊಂಡು ಬನ್ನಿ ಅಂತೀನಿ ಗಿರಾಕಿಗೆ. ನೀನು ಒಂಬತ್ತು ದಿನ ಅವರ ಪ್ಯಾಂಟನ್ನ ನಿನ್ನ ಬೂಟು ಹಾಕಿ ಅಳೆದಿದೀಯ."

ಅಕ್ಕ ಫೋನಿಟ್ಟು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಅಂಗಡಿಯ ವೈರು ಹೊಸ ಮಾದರಿಯದು, ಮೇಷ್ಟ್ರ ಮಾನಿಟರಿಗೆ ಹಿಡಿಸುವುದು ಟೀವಿಗೆ ಹಾಕುವ ಎಚ್‌ಡಿಎಂಐ. ಪೆಟ್ಟಿಗೆ ಏಳುವಾಗ ಮೊದಲು ಯಾವ ವೈರಾದರೂ ಸರಿ. ಅಳಿಯ ಮಹಾಶಯ ಒಳಗೆ ಬಂದು ಅಧಿಕಾರ ವಹಿಸಿಕೊಂಡ ಮೇಲೆ, ಯಾವ ಕಿಂಡಿಯಲ್ಲಿ ಯಾವ ಜಾತಿಯ ವೈರಿದೆ ಎಂದು ಬರೆದಿಟ್ಟ ಪಟ್ಟಿ ನೋಡುತ್ತಾನೆ. ಆ ಪಟ್ಟಿಯನ್ನು ಅಕ್ಕ ತಮ್ಮ ವೈರಿನ ಲೆಕ್ಕದಲ್ಲಿ ಬರೆದಿದ್ದರು.

"ಪಟ್ಟಿ ತಿದ್ದಬೇಕು. ಆದ್ರೆ ಪರದೆ ಕಾಣದೆ ಹೇಗೆ ತಿದ್ದೋದು? ಮತ್ತೆ ಅಂಗಡಿಗೆ..."

"ಪರದೆ ಕಾಣದೆ ಕೆಲಸ ಮಾಡೋದು ಹೇಗೆ ಅಂತ ನನ್ನ ಕೇಳಿ," ಎಂದು ಮೇಷ್ಟ್ರು ಕುರ್ಚಿ ಎಳೆದುಕೊಳ್ಳುತ್ತಾರೆ.

ಮುಂದಿನ ಅರ್ಧ ಗಂಟೆ ಪಾತ್ರಗಳು ಅದಲುಬದಲು. ಕಣ್ಣಿದ್ದವರು ಕೈಕಟ್ಟಿ ನಿಂತಿದ್ದಾರೆ. ಮೇಷ್ಟ್ರ ಬೆರಳು ಓಡುತ್ತಿದೆ. ಯಂತ್ರದ ದನಿ ಎಷ್ಟು ವೇಗವೆಂದರೆ ಬೇರೆಯವರಿಗೆ ಬಾಣಲೆಯಲ್ಲಿ ಎಣ್ಣೆ ಸಿಡಿದಂತೆ ಕೇಳುತ್ತದೆ. ಅಕ್ಕ ಪಟ್ಟಿ ಬರೆದಿಟ್ಟ ಪೆನ್‌ಡ್ರೈವು ತೆರೆಯಿತು. ಪಟ್ಟಿ ತೆರೆಯಿತು. ಅಕ್ಕ ನೋಟ್‌ಬುಕ್ಕು ನೋಡಿ ಹೇಳುತ್ತಾರೆ, ಮೇಷ್ಟ್ರು ಹುಡುಕುತ್ತಾರೆ, ಯಂತ್ರ ಒಂದೊಂದೇ ಅಕ್ಷರ ಓದುತ್ತದೆ.

"ಎರಡನೇ ಕಿಂಡಿ. ಮೂರನೇ ಅಕ್ಷರ ಕ್ಯೂ ಇದ್ಯಾ?"

"ಇದೆ. ದೊಡ್ಡ ಕ್ಯೂ."

"ಅಳಿಸಿ. ಚಿಕ್ಕ ಜಿ ಹಾಕಿ."

"ಒಂಬತ್ತು ದಿನ ನಮ್ಮನ್ನ ಕ್ಯೂನಲ್ಲಿ ನಿಲ್ಲಿಸಿದ್ದು ಇದೇನಾ?" ಎನ್ನುತ್ತಾ ಮೇಷ್ಟ್ರು ತಿದ್ದಿ ಉಳಿಸುತ್ತಾರೆ. "ಇನ್ನು ಪರದೆ ಬರದಿದ್ರೂ ನನಗೇನೂ ತೊಂದರೆ ಇಲ್ಲ ಬಿಡಿ."

"ನನಗಿದೆ," ದೊಡ್ಡಕ್ಕ ಗದರುತ್ತಾರೆ. "ಪರದೆ ಮೇಲೆ ದನಿಯ ಗೆರೆ ನೋಡ್ಕೊಂಡು ಪಾಠದಿಂದ ನಿನ್ನ ಕೆಮ್ಮೆಲ್ಲ ಕತ್ತರಿಸೋಳು ನಾನು ತಾನೇ?"

ರೀಸ್ಟಾರ್ಟ್. ಗುರುತು. ಬಿಳಿ ಗೆರೆ ಅರ್ಧಕ್ಕೆ ಬಂತು. ಪರದೆ ಕಪ್ಪಾಯಿತು. ಇಬ್ಬರು ಹೆಂಗಸರೂ ಉಸಿರು ಬಿಗಿಹಿಡಿದರು. ಒಂದು. ಎರಡು. ಮೂರನೆಯ ಎಣಿಕೆಗೆ ಪರದೆಯ ತುಂಬ ನೀಲಿ ಬೆಟ್ಟವೊಂದು ಬೆಳಗಿತು.

"ಬಂತಾ?" ಎಂದ ಮೇಷ್ಟ್ರು ಉತ್ತರಕ್ಕೆ ಕಾಯಲಿಲ್ಲ. "ಬಂತು ಬಿಡಿ. ಇಬ್ಬರೂ ಉಸಿರು ಬಿಟ್ಟದ್ದು ಕೇಳಿಸ್ತು."

ನಲವತ್ತು ಪಾಠಗಳು ಒಂದೂ ಕೊಸರಾಡದೆ ತೆರೆದುಕೊಳ್ಳುತ್ತವೆ. ದೊಡ್ಡಕ್ಕ ಕಾಫಿ ತರುತ್ತಾರೆ. ಅಕ್ಕ ಮೊದಲ ಗುಟುಕಿಗೇ ಅತ್ತುಬಿಡುತ್ತಾರೆ. ಬಿಸಿ ಜಾಸ್ತಿಯಾಯಿತು ಎಂದು ಸುಳ್ಳು ಹೇಳುತ್ತಾರೆ. ಮೇಷ್ಟ್ರಿಗೆ ಕಾಫಿಯೂ ಬೇಡ. ಉಳಿದ ಕೊನೆಯ ಪಾಠವನ್ನು ಈಗಲೇ ಮುಗಿಸುವ ಆತುರ. ಮೈಕು ಎಳೆದುಕೊಂಡು ಶುರುಮಾಡಿಯೇ ಬಿಡುತ್ತಾರೆ. ಅಕ್ಕ ಸದ್ದಿಲ್ಲದೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದಾರೆ. ಆದರೆ ಕೊನೆಯ ಸ್ಕ್ರೂ ಬಿಗಿಯಾಗುವಾಗ ಕಿರ್ರ್ ಎನ್ನುತ್ತದೆ. ಅಕ್ಕ ನಾಲಗೆ ಕಚ್ಚಿಕೊಳ್ಳುತ್ತಾರೆ. ಮೇಷ್ಟ್ರು ಅರೆಕ್ಷಣ ತಡೆದು ಮುಂದುವರಿಯುತ್ತಾರೆ.

ಇದಾಗಿ ಒಂದು ವಾರ. ಪಾಠಗಳು ಇಪ್ಪತ್ಮೂರು ಮಕ್ಕಳನ್ನೂ ತಲುಪಿವೆ. ಅಂಗಡಿಯ ಶಟರಿನ ಪಕ್ಕ ಟೈಲರು ರಟ್ಟಿನ ಮೇಲೆ ಬರೆದ ಹೊಸ ಬೋರ್ಡಿದೆ: ‘ಪ್ಯಾಂಟಿಗೆ ನಿಮ್ಮ ಬೂಟು, ಕಂಪ್ಯೂಟರಿಗೆ ನಿಮ್ಮ ವೈರು ತನ್ನಿ.’ ಎಂಟನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಕ್ಕ ಬರೆದಿರುವುದೂ ಅದನ್ನೇ. ಅದರ ಕೆಳಗೆ ಇನ್ನೊಂದು ಸಾಲು: ‘ಕಪ್ಪಾದರೆ ಮಾತಾಡಿಸಿ ನೋಡು.’

ಇನ್ನೇನು ಆಸೆ ಎಂದರೆ ಸ್ಕ್ರೂ ಅಕ್ಕ ಬಹಳ ಯೋಚಿಸುವುದಿಲ್ಲ. "ಮೇಷ್ಟ್ರ ಫೋನು ಬರದಿರಲಿ. ನಮ್ಮ ಕಸುಬಿನಲ್ಲಿ ಫೋನು ಬರದಿದ್ರೆ ಅದೇ ಶಭಾಷ್." ಫೋನು ಬಂದಿಲ್ಲ, ನಿಜ. ಬಂದಿರುವುದು ನಲವತ್ತೊಂದನೆಯ ಪಾಠ. ಅಕ್ಕ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಹೊಲಿಗೆ ಯಂತ್ರ ನಿಲ್ಲಿಸಲು ಗಂಡನಿಗೆ ಸನ್ನೆ ಮಾಡಿ, ಬಂದವರಿಗೆಲ್ಲ ಕೇಳಿಸುತ್ತಾರೆ. ತಮ್ಮ ಒಂದು ಕೆಮ್ಮನ್ನೂ ಉಳಿಸದ ಮೇಷ್ಟ್ರು ಆ ಕಿರ್ರ್ ಸದ್ದನ್ನು ಮಾತ್ರ ದೊಡ್ಡಕ್ಕನಿಗೆ ಕತ್ತರಿಸಲು ಬಿಟ್ಟಿಲ್ಲ. ಪಾಠ ಘರ್ಷಣೆಯದು.

"ಮಕ್ಕಳೇ, ಈಗ ಕಿರ್ರ್ ಅಂತ ಕೇಳಿಸಿತಲ್ಲ?" ಎನ್ನುತ್ತದೆ ಮೇಷ್ಟ್ರ ದನಿ. "ಅದು ಒಬ್ಬ ಅಕ್ಕ ಸ್ಕ್ರೂ ಬಿಗಿ ಮಾಡಿದ್ದು. ಅದು ಬಿಚ್ಚಿಹೋಗದ ಹಾಗೆ ಹಿಡಿದಿಟ್ಟಿರುವುದೇ ಘರ್ಷಣೆ."

"ಆ ಕಿರ್ರ್ ನಂದು," ಎನ್ನುತ್ತಾರೆ ಅಕ್ಕ, ಪಾಠವನ್ನು ಮತ್ತೆ ಹಿಂದಕ್ಕೆ ಸರಿಸುತ್ತಾ.