ನನ್ನ ಕೈಗುಣ ನಂಬಿದ ಮುನಿಕೆಂಪಕ್ಕ

ಚಿಕ್ಕಜಾಲದಲ್ಲಿ ಹಸು ಕರು ಹಾಕಲು ಕಷ್ಟಪಟ್ಟರೆ ಜನ ಡಾಕ್ಟರಿಗೆ ಫೋನ್ ಮಾಡುವ ಮೊದಲು ಮುನಿಕೆಂಪಕ್ಕನ ಬಾಗಿಲು ತಟ್ಟುತ್ತಿದ್ದರು. ಅವಳು ಸೆರಗು ಸಿಕ್ಕಿಸಿ, ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು, ಹಸುವಿನ ಒಳಗೆ ಕೈ ಹಾಕಿ ಅಡ್ಡಬಿದ್ದ ಕರುವನ್ನು ತಿರುಗಿಸುತ್ತಿದ್ದಳು. ಹೊಲ ಹೋಗಿ ಅದರ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದ ಮೇಲೂ, ಕೆಳಗೆ ಗಾಡಿ ನಿಲ್ಲಿಸುವ ಕಡೆ ಎರಡು ಹಸು ಕಟ್ಟಿಕೊಂಡಿದ್ದಳು. ಬಾಡಿಗೆಯವರು ವಾಸನೆ ಅಂತ ಗೊಣಗಿದರೆ, ಹಸು ಮೊದಲು ಬಂದಿದ್ದು, ನೀವು ಆಮೇಲೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಂಥ ಹೆಂಗಸು ನಾಚಿಕೆಗೆ ಬಲಿಯಾದಳು ಅಂದರೆ ಯಾರೂ ನಂಬುವುದಿಲ್ಲ. ನಾನು ನಂಬಲೇಬೇಕು, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನಾನು ರಾಧಾಮಣಿ. ಯಲಹಂಕದ ಒಂದು ಲ್ಯಾಬಿನವರ ಪರವಾಗಿ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆಯುವವಳು. ಅಕ್ಕನಿಗೆ ಸಕ್ಕರೆ ಕಾಯಿಲೆ, ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಏಳಕ್ಕೆ ಅವಳ ಮನೆಯಲ್ಲಿರುತ್ತಿದ್ದೆ. ನೀವು ಗೀವು ಎಲ್ಲ ಬೇಡ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಬೇರೆ ಯಾರು ಚುಚ್ಚಿದರೂ ಅವಳ ಕೈ ವಾರಗಟ್ಟಲೆ ಕಪ್ಪಾಗಿರುತ್ತಿತ್ತಂತೆ. ನನ್ನ ಕೈಗುಣ ಒಳ್ಳೆಯದು ಅಂತ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು, ನಾನೂ ಉಬ್ಬುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತ, ಬೇರೆ ಯಾರದೋ ವಿಷಯ ಎಂಬಂತೆ ಹೇಳಿದಳು. ಮುಟ್ಟು ನಿಂತು ಏಳು ವರ್ಷವಾಗಿತ್ತು, ಈಗ ಮತ್ತೆ ಬಟ್ಟೆಯ ಮೇಲೆ ಕಲೆ ಕಾಣುತ್ತಿದೆ ಎಂದಳು. ಲೇಡಿ ಡಾಕ್ಟರು ಗರ್ಭಕೋಶದ ಬಾಯನ್ನು ನೋಡಬೇಕು, ಐದು ನಿಮಿಷದ ಕೆಲಸ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ರಕ್ತ ಬೇಕಾದ್ರೆ ಚೆಂಬು ತುಂಬ ತಗ. ಸೀರೆ ಎತ್ತಿ ಮಲಗಾಕೆ ಮಾತ್ರ ನಾನು ಬರಾಕಿಲ್ಲ," ಎಂದಳು. ಆಮೇಲೆ ನನ್ನನ್ನೇ ಕೇಳಿದಳು, "ನೀನು ಮಾಡುಸ್ಕಂಡಿದ್ದೀಯಾ?"

ನನಗೆ ಆಗ ನಲವತ್ನಾಲ್ಕು. ಮಾಡಿಸಿಕೊಂಡಿರಲಿಲ್ಲ. ಡಬ್ಬಿ ತೆರೆದು ಸೂಜಿ ತೆಗೆದೆ.

ಆಮೇಲೆ ಬಲವಂತ ಮಾಡಲು ನನಗೆ ಯಾವ ಮುಖ ಇತ್ತು? ನಮ್ಮ ಲ್ಯಾಬಿನಲ್ಲಿ ಎಸ್‌ಸಿಸಿ ಅನ್ನುವ ಒಂದು ರಕ್ತ ಪರೀಕ್ಷೆ ಇದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೆಳೆದರೆ ಆ ಅಂಕಿ ಏರುತ್ತದೆ. ನಮ್ಮಲ್ಲಿ ಒಂದೂವರೆಯೊಳಗಿದ್ದರೆ ನಾರ್ಮಲ್ ಅನ್ನುತ್ತಾರೆ. ಆದರೆ ರೋಗ ಚಿಕ್ಕದಿರುವಾಗ ಎಷ್ಟೋ ಸಲ ಅದು ಏರುವುದೇ ಇಲ್ಲ. ಇದೊಂದನ್ನೇ ನಂಬಿ ರೋಗವಿಲ್ಲ ಅನ್ನಬಾರದು ಎಂದು ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತದೆ. ನನಗೆ ಗೊತ್ತಿತ್ತು. ಏನೂ ಇಲ್ಲದಿರುವುದಕ್ಕಿಂತ ಇದಾದರೂ ಆಗಲಿ ಎಂದು ಹಳದಿ ಮುಚ್ಚಳದ ಒಂದು ಟ್ಯೂಬು ಹೆಚ್ಚು ತುಂಬಿಸಿಕೊಂಡೆ. ಮಾರನೆಯ ದಿನ ಒಂದು ಪಾಯಿಂಟ್ ಎರಡು ಅಂತ ಬಂತು. ಫೋನ್ ಮಾಡಿ, "ನಾರ್ಮಲ್ ಅಕ್ಕ," ಎಂದೆ. ಸಣ್ಣ ಅಕ್ಷರವನ್ನು ಓದಿ ಹೇಳಲಿಲ್ಲ. ಮುಂದಿನ ಸಲ ಹೋದಾಗ ಹಸು ಈದಿತ್ತು, ಡಬ್ಬಿ ತುಂಬ ಗಿಣ್ಣು ಕೊಟ್ಟು ಕಳಿಸಿದಳು. ಅದನ್ನು ತಿಂದವಳು ನಾನು.

ಹನ್ನೊಂದು ತಿಂಗಳಿಗೆ ಅಕ್ಕನ ಸೊಂಟ ಹಿಡಿದುಕೊಂಡಿತು, ಬಟ್ಟೆಯೆಲ್ಲ ವಾಸನೆ ಬರತೊಡಗಿತು. ಸೊಸೆ ನಾಗಲಕ್ಷ್ಮಿ ಅತ್ತೆಯ ಬೈಗುಳಕ್ಕೆ ಜಗ್ಗದೆ ಆಟೋ ಹತ್ತಿಸಿದಳು. ಆಸ್ಪತ್ರೆಯಲ್ಲಿ ನೋಡಿ, ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮೂರನೇ ಹಂತ ಎಂದರು. ಈಗ ಅದೇ ಪರೀಕ್ಷೆ ಮಾಡಿದರೆ ಇಪ್ಪತ್ತೆರಡು. ರೋಗ ಬಲಿತ ಮೇಲೆ ಆ ಹಾಳು ಅಂಕಿಗೆ ಬುದ್ಧಿ ಬಂದಿತ್ತು.

ಐದು ವಾರ ಕರೆಂಟು, ಅಂದರೆ ರೇಡಿಯೇಷನ್ ಕೊಟ್ಟರು, ಜೊತೆಗೆ ವಾರಕ್ಕೊಂದು ಇಂಜೆಕ್ಷನ್. ಒಬ್ಬ ಡಾಕ್ಟರ ಮುಂದೆ ಐದು ನಿಮಿಷ ಮಲಗಲು ಒಪ್ಪದವಳು ದಿನಾ ಗುರುತಿಲ್ಲದವರ ಮುಂದೆ ಮಲಗಿದಳು. ನಾಚಿಕೊಳ್ಳಲು ಅವಳಲ್ಲಿ ಏನೂ ಉಳಿಯಲಿಲ್ಲ. ಈ ಅಂಕಿ ಮೊದಲೇ ರೋಗ ಹಿಡಿದುಕೊಡುವುದಿಲ್ಲ, ಆದರೆ ಬಂದ ರೋಗ ಎತ್ತ ಹೋಗುತ್ತಿದೆ ಎಂದು ಹೇಳುತ್ತದೆ ಎಂದು ಡಾಕ್ಟರು ನಾಗಲಕ್ಷ್ಮಿಗೆ ವಿವರಿಸಿದರಂತೆ. ಚಿಕಿತ್ಸೆ ಮುಗಿದ ಮೇಲೆ ಒಂದೂವರೆಯೊಳಗೆ ಇಳಿದು ಅಲ್ಲೇ ನಿಲ್ಲಬೇಕಿತ್ತು. ಅಕ್ಕನದು ಮೂರಕ್ಕೆ ನಿಂತಿತು.

ಆಸ್ಪತ್ರೆಯವರು ಚುಚ್ಚುವುದು ಬೇಡ, ರಾಧಾಮಣಿಯೇ ಬರಲಿ ಎಂದು ಅಕ್ಕ ಹಟ ಹಿಡಿದಿದ್ದಳು. ನನ್ನ ಕೈಯಲ್ಲಿ ತೆಗೆಸಿದಾಗ ಒಳ್ಳೆಯದೇ ಬಂದಿತ್ತಲ್ಲ ಎನ್ನುವುದು ಅವಳ ಲೆಕ್ಕ. ಹಾಗಾಗಿ ಪ್ರತಿ ಸಲವೂ ನಾನೇ ತೆಗೆದೆ, ಪ್ರತಿ ಸಲವೂ ಅಂಕಿ ಮೊದಲು ನನ್ನ ಫೋನಿಗೇ ಬಂತು. ಏಳು. ಹತ್ತೊಂಬತ್ತು. ನಲವತ್ತೊಂದು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಲವತ್ತೊಂದನ್ನು ನೋಡಿದಾಗ ಹೆಲ್ಮೆಟ್ಟಿನೊಳಗೇ ಅತ್ತೆ. ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೂ ಹೋಗಿದ್ದು ಕಂಡಿತು. ಇನ್ನು ಯಾವ ಪರೀಕ್ಷೆಯೂ ಬೇಡ, ನೋವಿಗೆ ಔಷಧಿ ಕೊಡಿ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟರು.

ಅದಾಗಿ ಇಪ್ಪತ್ತು ದಿನಕ್ಕೆ ನಾಗಲಕ್ಷ್ಮಿಯ ಫೋನ್ ಬಂತು. ರಕ್ತ ತೆಗೆಯಲು ನೀವು ಬರಬೇಕೆಂದು ಅತ್ತೆ ಕಾಯುತ್ತಿದ್ದಾರೆ ಎಂದಳು. ಡಾಕ್ಟರ ಚೀಟಿ ಇಲ್ಲವಲ್ಲ ಎಂದರೆ, ಚೀಟಿ ಬೇಡ, ಬಂದು ಹೋಗಿ ಸಾಕು ಎಂದಳು. ಹೋದೆ. ಹಸು ಕಟ್ಟುತ್ತಿದ್ದ ಕಡೆ ಬಾಡಿಗೆಯವರ ಬೈಕುಗಳು ನಿಂತಿದ್ದವು. ಕರುವನ್ನು ತಿರುಗಿಸುತ್ತಿದ್ದ ಆ ತೋಳಿಗೆ ನನ್ನ ರಬ್ಬರ್ ಪಟ್ಟಿಯನ್ನು ಎರಡು ಸುತ್ತು ಸುತ್ತಬೇಕಾಯಿತು. ಇಷ್ಟು ದಿನ ನುಂಗಿಕೊಂಡಿದ್ದನ್ನು ಇನ್ನು ತಡೆಯಲು ನನ್ನ ಕೈಲಿ ಆಗಲಿಲ್ಲ.

"ಅಕ್ಕ, ಅವತ್ತು ನಾರ್ಮಲ್ ಅಂದ್ನಲ್ಲ, ಆ ಪರೀಕ್ಷೆ ಸಾಲಲ್ಲ ಅಂತ ನಂಗೆ ಗೊತ್ತಿತ್ತು," ಎಂದೆ.

ಅವಳು ಉಸಿರು ಕೂಡಿಸಿಕೊಂಡು ಹೇಳಿದಳು.

"ನಂಗೂ ಗೊತ್ತಿತ್ತು ಕಣಮ್ಮ. ಎಷ್ಟು ಅಸೀನ ಒಟ್ಟೆ ಒಳಗೆ ಕೈ ಆಕಿದೋಳು ನಾನು, ಕೆಟ್ಟ ವಾಸ್ನೆ ನಂಗೆ ತಿಳಿಯಾಕಿಲ್ವಾ? ನೀನೂ ಮಾಡುಸ್ಕಂಡಿರಲಿಲ್ಲ, ಬಲವಂತ ಮಾಡಾಕಿಲ್ಲ ಅಂತ ಗೊತ್ತಿತ್ತು. ಯಾರಾದ್ರೂ ಎಲ್ಲಾ ಸರಿಯಾಗೇ ಅದೆ ಅಂತ ಏಳ್ಲಿ ಅಂತಿದ್ದೆ. ನೀನು ಏಳ್ದೆ."

ಅವಳು ನನ್ನನ್ನು ಕ್ಷಮಿಸಲೆಂದೇ ಹೇಳಿದ್ದಿರಬಹುದು. ನನಗೆ ಒಂದು ಚೂರೂ ಹಗುರಾಗಲಿಲ್ಲ. ನಾನು ಒಂದು ಮಾತು ಬಲವಾಗಿ ಆಡಿದ್ದರೆ ಅವಳು ಇವತ್ತು ಹಸು ತೊಳೆಯುತ್ತಿದ್ದಳು ಎನ್ನುವುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

"ತಗ ರಕ್ತಾನ. ನಾಳೆ ಫೋನ್ ಮಾಡಿ ಏನು ಬಂತು ಅಂತ ಏಳು," ಎಂದಳು.

ನರ ಮೊದಲ ಸಲಕ್ಕೇ ಸಿಕ್ಕಿತು. ಹಳದಿ ಮುಚ್ಚಳದ ಟ್ಯೂಬಿನ ಮೇಲೆ ಅವಳ ಹೆಸರು ಬರೆದೆ, ವಯಸ್ಸು ಬರೆದೆ, ತಾರೀಕು ಬರೆದೆ. ಅದನ್ನು ಲ್ಯಾಬಿಗೆ ಕೊಡುವುದಿರಲಿಲ್ಲ. ಮಾರನೆಯ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದೆ, ನಾಗಲಕ್ಷ್ಮಿ ಅತ್ತೆಯ ಕಿವಿಗೆ ಹಿಡಿದಳು.

"ನಾರ್ಮಲ್ ಅಕ್ಕ," ಎಂದೆ.

"ನಿನ್ನ ಕೈಗುಣ," ಎಂದಳು ಅಕ್ಕ. ಆರನೇ ದಿನಕ್ಕೆ ಹೋಗಿಬಿಟ್ಟಳು. ಆ ಟ್ಯೂಬು ಇನ್ನೂ ನನ್ನ ಚೀಲದಲ್ಲಿದೆ.